ಸಹಿ ಹಾಕುವ ಹಕ್ಕು

ರಾತ್ರಿ ಹತ್ತೂವರೆ. ಬೆಂಗಳೂರಿನ ಜಾಲಹಳ್ಳಿ ಕಡೆಯ ಆ ಪುಟ್ಟ ಮನೆಯ ಊಟದ ಮೇಜಿನ ಮೇಲೆ ಎರಡು ಗಣಿತದ ಪುಸ್ತಕಗಳು. ಒಂದು, ಎರಡನೇ ಪಿಯುಸಿ ಓದುತ್ತಿರುವ ಮಗಳದು. ಇನ್ನೊಂದು, ನಲವತ್ತಕ್ಕೆ ಕಾಲಿಡುತ್ತಿರುವ ಅಪ್ಪನದು.

'ಲಾಗರಿದಮ್ ಅಂದ್ರೆ ಹೆದರ್ಕೋಬೇಡಿ ಅಪ್ಪಾ. ಅದೂ ಘಾತದ ಲೆಕ್ಕಾನೇ, ತಿರುವುಮುರುವು ಅಷ್ಟೆ' ಎನ್ನುತ್ತಾಳೆ ಮಗಳು. ಅಪ್ಪ ತಲೆಯಾಡಿಸುತ್ತಾರೆ. ಇಪ್ಪತ್ತು ವರ್ಷ ವಾಯುಪಡೆಯ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಿದ ಕೈ, ಪೆನ್ಸಿಲ್ ಹಿಡಿದರೆ ಮಾತ್ರ ಯಾಕೋ ತಡವರಿಸುತ್ತದೆ.

ಹಾಸನ ಜಿಲ್ಲೆಯ ಹಳ್ಳಿಯ ಈ ಹುಡುಗ ಪಿಯುಸಿ ಮುಗಿಸಿ ವಾಯುಪಡೆ ಸೇರಿದಾಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು, ಚೆನ್ನೈ ಬಳಿಯ ತಾಂಬರಂನಲ್ಲಿ ತಾಂತ್ರಿಕ ತರಬೇತಿ. ಆಮೇಲೆ ಚಂಡೀಗಢ, ಜೋರ್ಹಾಟ್. ಸರಕು, ಸೈನಿಕರನ್ನು ಹೊತ್ತು ಹಿಮಾಲಯ ದಾಟುವ ಆಂಟೊನೊವ್-32 ವಿಮಾನಗಳೇ ಅವರ ಪ್ರಪಂಚ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವವರೆಂದು ಅವರಿಗೆ ಹೆಸರಿತ್ತು. 20 ವರ್ಷದ ಕರಾರು ಮುಗಿದು, ಸಾರ್ಜೆಂಟ್ ಪಟ್ಟಿಗಳನ್ನು ಟ್ರಂಕಿನಲ್ಲಿಟ್ಟು ಊರಿಗೆ ಬಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: 'ಮಾಜಿ ಸೈನಿಕರ ಕೋಟಾ ಇದೆಯಲ್ಲ, ಬ್ಯಾಂಕಿನ ಪರೀಕ್ಷೆ ಬರೆದುಬಿಡು.'

ಅವರಿಗೆ ಅದು ಬೇಡವಾಗಿತ್ತು. 'ನನಗೆ ಬರೋದು ವಿಮಾನದ ಕೆಲಸ. ಅದನ್ನೇ ಮಾಡ್ತೀನಿ' ಎಂದರು. ಆದರೆ ವಿಮಾನ ಕಂಪನಿಯ ಬಾಗಿಲಲ್ಲಿ ಕೇಳಿದ ಮೊದಲ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ: 'ಲೈಸೆನ್ಸ್ ಇದೆಯೇ?'

ಕೆಲಸ ಬಲ್ಲವನಿಗೂ ಪರೀಕ್ಷೆ

ವಾಯುಪಡೆಯಲ್ಲೂ ಪ್ರತಿ ಕೆಲಸಕ್ಕೆ ಸಹಿಯಿದೆ. ಆದರೆ ಅಲ್ಲಿ ದುರಸ್ತಿ ಮಾಡಿದವನು, ಮೇಲ್ವಿಚಾರಕ, ಅಧಿಕಾರಿ ಎಂದು ಹೊಣೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಾಗರಿಕ ವಿಮಾನದ ರೀತಿ ಬೇರೆ. ನಿರ್ವಹಣೆಯ ಕೆಲಸ ಮುಗಿದ ಮೇಲೆ 'ಈ ವಿಮಾನ ಹಾರಾಟಕ್ಕೆ ಯೋಗ್ಯ' ಎಂದು ಅಧಿಕಾರವುಳ್ಳ ಎಂಜಿನಿಯರ್ ಬರೆದು ಸಹಿ ಹಾಕಿದ ನಂತರವೇ ಅದು ನೆಲ ಬಿಡಬಹುದು. ಆ ಸಹಿಯ ಹಿಂದೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಕೊಡುವ ಲೈಸೆನ್ಸ್ ಇರಬೇಕು. ಎಂಥ ಕುಶಲಿಯಾದರೂ ಅದಿಲ್ಲದವನು ಇನ್ನೊಬ್ಬರ ಸಹಿಯ ಅಡಿಯಲ್ಲೇ ಕೆಲಸ ಮಾಡಬೇಕು.

ನಿಯಮಗಳು ಯುರೋಪಿನ ಮಾದರಿಯವು. ಟರ್ಬೈನ್ ಎಂಜಿನ್ನಿನ ವಿಮಾನಗಳಿಗೆ ಬಿ1.1, ಟರ್ಬೈನ್ ಹೆಲಿಕಾಪ್ಟರ್‌ಗಳಿಗೆ ಬಿ1.3, ವಿದ್ಯುನ್ಮಾನ ವ್ಯವಸ್ಥೆಗಳಿಗೆ ಬಿ2 ಎಂದು ವರ್ಗಗಳಿವೆ. ಗಣಿತ, ಭೌತವಿಜ್ಞಾನ, ವಿದ್ಯುತ್, ವಾಯುಚಲನೆ, ಕಾನೂನು, ಗ್ಯಾಸ್ ಟರ್ಬೈನ್, ಪ್ರೊಪೆಲ್ಲರ್ ಹೀಗೆ ಒಂದೊಂದು ವಿಷಯವೂ ಒಂದು ಮಾಡ್ಯೂಲ್. ಪ್ರತಿಯೊಂದರಲ್ಲೂ ಶೇಕಡ 75 ಅಂಕ ಬರಲೇಬೇಕು. 74 ಬಂದರೂ ಮತ್ತೆ ಬರೆಯಬೇಕು.

ಅಂಕಗಳ ಜೊತೆಗೆ ಅನುಭವವೂ ಬೇಕು. ಬಿ1.1 ವರ್ಗದಲ್ಲಿ, ಅನುಮೋದಿತ ಸಂಸ್ಥೆಯ ಪೂರ್ಣ ತರಬೇತಿ ಪಡೆದವರಿಗೆ 2 ವರ್ಷ, ಯಾವ ತಾಂತ್ರಿಕ ತರಬೇತಿಯೂ ಇಲ್ಲದವರಿಗೆ 5 ವರ್ಷ. ಸೇನೆಯ ಅನುಭವವನ್ನು ಸಮಾನವೆಂದು ಕಂಡುಬಂದರೆ ಪರಿಗಣಿಸುತ್ತಾರೆ. ಆದರೆ ಅದೊಂದೇ ಸಾಲದು. ನಾಗರಿಕ ವಿಮಾನಗಳ ಮೇಲೂ ಕೈಯಾಡಿಸಿರಬೇಕು. ಮಾಡಿದ ಕೆಲಸವೆಲ್ಲ ದಿನಾಂಕ ಸಹಿತ ಲಾಗ್‌ಬುಕ್ಕಿನಲ್ಲಿ ದಾಖಲಾಗಿರಬೇಕು.

ಹೀಗಾಗಿ ಮಾಜಿ ಸಾರ್ಜೆಂಟರು ನಿರ್ವಹಣಾ ಸಂಸ್ಥೆಯೊಂದರಲ್ಲಿ ಸಾಮಾನ್ಯ ತಂತ್ರಜ್ಞರಾಗಿ ಸೇರಿದರು. ಸಂಬಳ ಪಿಂಚಣಿಗಿಂತ ಕಡಿಮೆ. ಮಗಳ ಕಾಲೇಜಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಒಂದಿಷ್ಟು ಪರೀಕ್ಷೆಯ ಶುಲ್ಕಕ್ಕೂ ಪುಸ್ತಕಕ್ಕೂ ಹೋಯಿತು. ಹೆಂಡತಿ ಏನೂ ಅನ್ನಲಿಲ್ಲ. ಅದೇ ಅವರಿಗೆ ಹೆಚ್ಚು ಭಾರವಾಯಿತು.

ಗಣಿತದ ಮೊದಲ ಪ್ರಯತ್ನದಲ್ಲಿ ಬಂದದ್ದು ಶೇಕಡ 68. ಪರೀಕ್ಷಾ ಕೊಠಡಿಯ ಹೊರಗೆ, ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಾದ ಹುಡುಗರು 'ಅಂಕಲ್, ನಿಮ್ಮದೇನಾಯ್ತು?' ಎಂದು ಕೇಳಿದರು. ಅಂದು ರಾತ್ರಿಯಿಂದ ಊಟದ ಮೇಜು ಪಾಠಶಾಲೆಯಾಯಿತು.

ಒಂದು ಓ-ರಿಂಗ್, ಎಂಬತ್ನಾಲ್ಕು ಬೋಲ್ಟು

ಗಣಿತಕ್ಕಿಂತ ಕಷ್ಟದ ಪಾಠ ಹ್ಯಾಂಗರಿನಲ್ಲಿ ಕಾದಿತ್ತು. ಒಂದು ರಾತ್ರಿ ಎಟಿಆರ್-72 ವಿಮಾನದ ಎಂಜಿನ್ ಬಳಿ ಇಂಧನ ಕೊಳವೆಯೊಂದರ ರಬ್ಬರ್ ಓ-ರಿಂಗ್ ಬದಲಿಸಬೇಕಿತ್ತು. ಅವರು ಹಳೆಯದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಅದೇ ಅಳತೆಯದೊಂದನ್ನು ಸ್ಟೋರಿನಿಂದ ತಂದರು.

ಅಲ್ಲಿದ್ದ ಲೈಸೆನ್ಸ್ ಎಂಜಿನಿಯರ್ ಇಪ್ಪತ್ತೇಳರ ಹುಡುಗಿ. 'ಸರ್, ಪಾರ್ಟ್ ನಂಬರ್ ಪುಸ್ತಕದಲ್ಲಿ ನೋಡಿದ್ರಾ?' ಎಂದಳು.

'ಇಂಥದ್ದನ್ನ ನೂರು ಸಲ ಹಾಕಿದ್ದೀನಮ್ಮ.'

'ಈ ವಿಮಾನಕ್ಕೆ ಹಾಕಿಲ್ವಲ್ಲ ಸರ್.'

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇಬ್ಬರೂ ಬಿಡಿಭಾಗಗಳ ಪುಸ್ತಕ ತೆರೆದರು. ಅಳತೆ ಅದೇ; ಸಂಖ್ಯೆಯ ಕೊನೆಯ ಅಕ್ಷರ ಮಾತ್ರ ಬೇರೆ. ಅಂದರೆ ರಬ್ಬರಿನ ಜಾತಿಯೇ ಬೇರೆ. ಅವರು ತಂದಿದ್ದು ಇಂಧನದಲ್ಲಿ ಉಬ್ಬಿ ಕೆಡುವಂಥದ್ದು. ಸರಿಯಾದುದನ್ನು ತಂದು ಹಾಕಿದರು, ಅವಳು ಸಹಿ ಹಾಕಿದಳು. ಮನೆಗೆ ಬಂದ ಮೇಲೂ ಅವರಿಗೆ ನಿದ್ದೆ ಹತ್ತಲಿಲ್ಲ.

ಕೆಲವೇ ದಿನಗಳಲ್ಲಿ, 'ಮಾನವ ಅಂಶಗಳು' ಎಂಬ ಮಾಡ್ಯೂಲಿಗೆ ಓದುವಾಗ 1990ರ ಜೂನ್ 10ರ ಘಟನೆಯೊಂದು ಎದುರಾಯಿತು. ಅಂದು ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಗಾಕ್ಕೆ ಹೊರಟಿತ್ತು. ಮೇಲೇರುತ್ತಿದ್ದಾಗ ಕ್ಯಾಪ್ಟನ್ನರ ಮುಂದಿನ ಗಾಜು ಕಿತ್ತುಹೋಯಿತು. ಅವರ ಅರ್ಧ ದೇಹ ಹೊರಕ್ಕೆ ಎಳೆದುಹೋಯಿತು. ಸಿಬ್ಬಂದಿ ಅವರನ್ನು ಬಿಗಿಯಾಗಿ ಹಿಡಿದುಕೊಂಡರು. ಸಹಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ.

ತನಿಖೆಯಲ್ಲಿ ತಿಳಿದದ್ದೇನು? ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮುಂಚೆ ಬದಲಿಸಲಾಗಿತ್ತು. 90 ಬೋಲ್ಟುಗಳಲ್ಲಿ 84 ಬೇಕಾದುದಕ್ಕಿಂತ ಸಪೂರ. ವ್ಯತ್ಯಾಸ ಒಂದು ಮಿಲಿಮೀಟರಿಗಿಂತಲೂ ಕಡಿಮೆ! ಉಳಿದ ಆರು ಉದ್ದದಲ್ಲಿ ಗಿಡ್ಡ. ಹಾಕಿದವರು ಹೊಸಬರೇನಲ್ಲ, ಪಾಳಿಯ ಮೇಲ್ವಿಚಾರಕರು. ಪುಸ್ತಕದಲ್ಲಿ ಸಂಖ್ಯೆ ನೋಡುವ ಬದಲು, ಹಳೆಯ ಬೋಲ್ಟಿನ ಪಕ್ಕ ಹೊಸದನ್ನಿಟ್ಟು ಕಣ್ಣಳತೆಯಲ್ಲಿ ಆರಿಸಿದ್ದರು.

ಅವರು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತರು. ಇಷ್ಟು ದಿನ ಈ ಪರೀಕ್ಷೆ ತಮ್ಮ ಇಪ್ಪತ್ತು ವರ್ಷಕ್ಕೆ ಮಾಡಿದ ಅವಮಾನವೆಂದೇ ತಿಳಿದಿದ್ದರು. ಅನುಭವಸ್ಥನ ಕೈಯೂ ತಪ್ಪುತ್ತದೆ, ಅನುಭವವಿದೆ ಎಂಬ ಧೈರ್ಯದಿಂದಲೇ ತಪ್ಪುತ್ತದೆ ಎಂಬುದು ಈಗ ಹೊಳೆಯಿತು.

ಕೈ ನಡುಗಿದ ರಾತ್ರಿ

ಗಣಿತದಲ್ಲಿ ಎರಡನೇ ಸಲ ತೇರ್ಗಡೆಯಾದರು. ಮಿಕ್ಕ ಮಾಡ್ಯೂಲ್‌ಗಳೂ ಒಂದೊಂದಾಗಿ ದಡ ಸೇರಿದವು. ಗ್ಯಾಸ್ ಟರ್ಬೈನ್, ಪ್ರೊಪೆಲ್ಲರ್ ವಿಷಯಗಳಲ್ಲಿ ಮಾತ್ರ ಹುಡುಗರೇ ಇವರ ಬಳಿ ಪಾಠಕ್ಕೆ ಬಂದರು. ಲೈಸೆನ್ಸ್ ಕೈಗೆ ಬಂದ ಮೇಲೂ ಆ ಮಾದರಿಯ ವಿಮಾನದ ವಿಶೇಷ ತರಬೇತಿ, ಸಂಸ್ಥೆಯ ಅಧಿಕಾರಪತ್ರ ಬೇಕಿತ್ತು. ಅದೂ ಆಯಿತು. ಅಷ್ಟರಲ್ಲಿ ಮಗಳು ಪದವಿ ಕಾಲೇಜು ಸೇರಿದ್ದಳು.

ಈ ದಾರಿ ಹಿಡಿಯಬೇಕೆಂದಿರುವ ಮಕ್ಕಳೂ ಪೋಷಕರೂ ಗಮನಿಸಬೇಕಾದ ಮಾತೊಂದಿದೆ. ಪಿಯುಸಿಯಲ್ಲಿ ಭೌತ, ರಸಾಯನ, ಗಣಿತ ಓದಿದವರು ನೇರವಾಗಿ ಅನುಮೋದಿತ ಸಂಸ್ಥೆ ಸೇರಬಹುದು; ಹಣ ಕಟ್ಟುವ ಮುನ್ನ ಡಿಜಿಸಿಎ ಮಾನ್ಯತೆಯನ್ನು ಖಚಿತಪಡಿಸಿಕೊಳ್ಳಬೇಕು. ಸೇನೆಯ ಹಾದಿಯಿಂದ ಬರುವವರು ಬಿಡುಗಡೆಯ ದಿನದವರೆಗೆ ಕಾಯದೆ, ಸೇವೆಯಲ್ಲಿರುವಾಗಲೇ ಅನುಭವದ ದಾಖಲೆಯನ್ನು ದೃಢೀಕರಿಸಿಕೊಂಡಿರುವುದು ಒಳ್ಳೆಯದು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಬೇಡಿಕೆಯಿಟ್ಟವು. ಅಷ್ಟನ್ನೂ ನೋಡಿಕೊಳ್ಳಲು ಕೈಗಳು ಬೇಕಲ್ಲವೇ?

ಮಾಜಿ ಸಾರ್ಜೆಂಟರು ಮೊದಲ ಸಹಿ ಹಾಕಿದ್ದು ಒಂದು ರಾತ್ರಿ ಪಾಳಿಯಲ್ಲಿ. ಕೆಲಸ ಮುಗಿದಿತ್ತು. ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಮುಚ್ಚಿದರು. ಟಾರ್ಚ್ ಹಿಡಿದು ವಿಮಾನದ ಬಳಿ ಹೋಗಿ, ಪುಸ್ತಕದ ಪುಟ ತೆರೆದಿಟ್ಟು ಮೊದಲಿನಿಂದ ನೋಡಿದರು. ಆಮೇಲೆ ಬಂದು ಸಹಿ ಹಾಕಿದರು. ಬೆಳಿಗ್ಗೆ ವಿಮಾನ ಜನರನ್ನು ಹೊತ್ತು ಹಾರಿತು.

ಮನೆಯಲ್ಲಿ ಮಗಳು ಕಾಫಿ ಲೋಟ ಕೊಡುತ್ತ ಕೇಳಿದಳು: 'ಹೇಗಿತ್ತಪ್ಪಾ?'

'ಕೈ ನಡುಗಿತು.'

'ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೂ?'

'ಹ್ಞೂಂ' ಎಂದರು ಅಪ್ಪ. 'ಇನ್ಮೇಲೂ ಸ್ವಲ್ಪ ನಡುಗ್ತಾ ಇದ್ರೇ ಒಳ್ಳೇದು.'