ಹೆಗಲ ಚೀಲ ಮತ್ತು ಹೊಳೆಯ ಭಾರ

ಯಾತ್ರೆಯ ಭಾರವನ್ನು ತಾನೇ ಹೊರುವವನಿಗೆ ತನ್ನ ಅಗತ್ಯಗಳ ಅಳತೆಯು ಬಹುಬೇಗ ತಿಳಿಯುತ್ತದೆ. ವಾಹನದಲ್ಲಿ ಹೋಗುವವನು 'ಇರಲಿ' ಎಂದು ಸೇರಿಸುವ ವಸ್ತುವನ್ನು, ಹೆಗಲಿಗೆ ಚೀಲ ಹಾಕಿಕೊಂಡು ನಡೆಯುವವನು 'ಬೇಕೇ?' ಎಂದು ಕೇಳಿಕೊಂಡ ನಂತರವೇ ಇಡುತ್ತಾನೆ. ಶ್ರಾವಕರಿಗೆ ವಿಧಿಸಿರುವ ಪರಿಗ್ರಹ ಪರಿಮಾಣ ವ್ರತದ ಮೊದಲ ಪಾಠವು ಈ ಪ್ರಶ್ನೆಯಲ್ಲಿಯೇ ಅಡಗಿದೆ. ಋಷಿಕೇಶದಲ್ಲಿ ಒಂದು ವಾರ ಹೀಗೆ ನಡೆದಾಡಿದಾಗ, ಆ ಪಾಠಕ್ಕೆ ಎರಡನೆಯ ಭಾಗವೊಂದಿದೆ ಎಂಬುದು ಸ್ಪಷ್ಟವಾಯಿತು.

ಗಂಗೆಯು ಹಿಮಾಲಯದ ತಪ್ಪಲನ್ನು ದಾಟಿ ಬಯಲಿಗಿಳಿಯುವ ಎಡೆಯಲ್ಲಿ, ಹರಿದ್ವಾರದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಈ ಊರಿದೆ. ಬದರಿ, ಕೇದಾರಗಳಿಗೆ ಹೋಗುವವರು ಇಲ್ಲಿಂದಲೇ ಬೆಟ್ಟದ ದಾರಿ ಹಿಡಿಯುತ್ತಾರೆ. 1968ರಲ್ಲಿ ಬೀಟಲ್ಸ್ ಗಾಯಕರು ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದ ಮೇಲೆ ಪರದೇಶಗಳಲ್ಲಿಯೂ ಇದರ ಹೆಸರು ಹರಡಿತು. ಇಂದು ಕಾವಿಯುಟ್ಟ ಸಾಧುಗಳ ಜೊತೆಯಲ್ಲಿಯೇ ಬೆನ್ನಿಗೆ ಚೀಲ ಕಟ್ಟಿದ ತರುಣ ತರುಣಿಯರೂ ನದಿಯ ದಡದಲ್ಲಿ ಸಾಗುತ್ತಿರುತ್ತಾರೆ. ನನ್ನ ಚೀಲದಲ್ಲಿದ್ದುದು ಎರಡು ಜೊತೆ ಬಟ್ಟೆ, ಒಂದು ಕಂಬಳಿ, ತಟ್ಟೆ, ಲೋಟ ಮತ್ತು ನೀರು ಸೋಸುವ ಬಟ್ಟೆ. ತ್ರಿವೇಣಿ ಘಾಟಿನಿಂದ ಮುನಿ ಕೀ ರೇತಿಯವರೆಗೆ ನಡೆದರೂ ಹೆಗಲು ನೋಯಲಿಲ್ಲ.

ಈ ಊರಿನಲ್ಲಿ ಹಗುರವಾದ ಯಾತ್ರೆಗೆ ದೊಡ್ಡ ಪರಂಪರೆಯೇ ಇದೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿದ್ದ ಸ್ವಾಮಿ ವಿಶುದ್ಧಾನಂದರು ಕರಿಯ ಕಂಬಳಿಯೊಂದನ್ನು ಹೊದ್ದು ಸಂಚರಿಸುತ್ತಿದ್ದುದರಿಂದ 'ಕಾಲೀ ಕಮ್ಲೀ ವಾಲೆ ಬಾಬಾ' ಎಂದೇ ಪ್ರಸಿದ್ಧರಾದರು. ಯಾತ್ರಿಕರ ಕಷ್ಟವನ್ನು ಕಂಡ ಅವರು ಬೆಟ್ಟದ ದಾರಿಯುದ್ದಕ್ಕೂ ಧರ್ಮಶಾಲೆ, ಅನ್ನಸತ್ರಗಳ ಏರ್ಪಾಡಿಗೆ ಕಾರಣರಾದರು. ಅವರ ಪ್ರೇರಣೆಯಿಂದ ಸೂರಜ್‌ಮಲ್ ಝುಂಝುನ್‌ವಾಲಾ ಅವರು 1889ರಲ್ಲಿ ಗಂಗೆಗೆ ತೂಗುಸೇತುವೆ ಕಟ್ಟಿಸಿದರು. ಅದು 1924ರ ಮಹಾಪೂರದಲ್ಲಿ ಕೊಚ್ಚಿಹೋಯಿತು. ಅದರ ಬಳಿಕ ಕಟ್ಟಿದ ಲಕ್ಷ್ಮಣ ಝೂಲಾ 1930ರಲ್ಲಿ ಬಳಕೆಗೆ ಬಂದಿತು. ಒಂದೇ ಕಂಬಳಿಯ ವಿರಕ್ತರಿಂದ ಸಾವಿರಾರು ಜನರ ಹೊರೆ ಇಳಿಯಿತು. ಮುಂದೆ ಅನ್ನವೂ ಆಶ್ರಯವೂ ದೊರೆಯುವುದೆಂಬ ಭರವಸೆ ಇದ್ದವನು ಮಾತ್ರ ಕಡಿಮೆ ಸಾಮಾನಿನೊಡನೆ ಹೊರಡಬಲ್ಲ. ನಮ್ಮ ಚೀಲ ಹಗುರವಾಗಿದ್ದರೆ ಅದರ ಹಿಂದೆ ಯಾರದೋ ದಾನವಿರುತ್ತದೆ.

ನಾನು ತಂಗಿದ್ದ ಧರ್ಮಶಾಲೆಯ ವೃದ್ಧ ವ್ಯವಸ್ಥಾಪಕರು ಒಂದು ದಿನ ಹಿಂಬದಿಯ ಕೋಣೆಯನ್ನು ತೆರೆದು ತೋರಿಸಿದರು. ಯಾತ್ರಿಕರು ಬಿಟ್ಟುಹೋದ ಹರಿದ ಚೀಲಗಳು, ಚಪ್ಪಲಿಗಳು, ಮಳೆಯಂಗಿಗಳು, ಪ್ಲಾಸ್ಟಿಕ್ ಬಾಟಲಿಗಳು ಅಲ್ಲಿ ಎದೆಯೆತ್ತರಕ್ಕೆ ರಾಶಿ ಬಿದ್ದಿದ್ದವು. "ಹೊರಡುವಾಗ ಎಲ್ಲರಿಗೂ ಹಗುರಾಗಬೇಕು, ಬಾಬೂಜಿ. ಇದನ್ನು ಎಲ್ಲಿ ಹಾಕಲಿ ಎಂದು ಯಾರೂ ನನ್ನನ್ನು ಕೇಳುವುದಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಋಷಿಕೇಶದ ಪುರಸಭೆಯ ಎಲ್ಲೆಯಲ್ಲಿ ಮಾಂಸ, ಮೀನು, ಮೊಟ್ಟೆಗಳ ಮಾರಾಟಕ್ಕೆ ನಿಷೇಧವಿದೆ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಹಿಂಸೆಯಲ್ಲಿ ಶ್ರದ್ಧೆಯುಳ್ಳ ನಮಗೆ ಇದು ಸಂತೋಷದ ಸಂಗತಿ. ಆದರೆ ತಟ್ಟೆಯನ್ನು ಕಾಯುವ ಕಾನೂನು ಕೈಯನ್ನು ಕಾಯಲಾರದು. ಸಾತ್ವಿಕ ಆಹಾರವನ್ನುಂಡ ಕೈಯೇ ಅದರ ಹೊದಿಕೆಯನ್ನು ದಡದ ಮರಳಿನಲ್ಲಿ ಬಿಸುಡುತ್ತದೆ. ಸಂಜೆಯ ಆರತಿಯಲ್ಲಿ ಎಲೆಯ ದೊನ್ನೆಯಲ್ಲಿ ತೇಲಿಬಿಟ್ಟ ಹೂವು ಕರಗಿಹೋದೀತು. ಅದನ್ನು ತಂದ ಪ್ಲಾಸ್ಟಿಕ್ ಚೀಲ ಕರಗದು. ಅದನ್ನು ನುಂಗುವ ಮೀನು, ಹಸುಗಳ ಪಾಡೇನು? ನೀರನ್ನೇ ಶರೀರವಾಗಿ ಉಳ್ಳ ಜೀವಗಳುಂಟೆಂದು ನಂಬಿ, ನೀರನ್ನು ಸೋಸಿ ಕುಡಿಯುವ ನಾವು ಈ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ.

ಮುನಿಗಳಿಗೆ ಹೇಳಿರುವ ಐದು ಸಮಿತಿಗಳಲ್ಲಿ ನಡೆಯುವುದಕ್ಕೆ ಈರ್ಯಾಸಮಿತಿಯಿದೆ. ವಸ್ತುಗಳನ್ನು ಎತ್ತಿಡುವುದಕ್ಕೆ ಆದಾನ ನಿಕ್ಷೇಪಣ ಸಮಿತಿಯಿದೆ. ತ್ಯಜಿಸುವುದಕ್ಕೂ ಉತ್ಸರ್ಗ ಸಮಿತಿಯೆಂದು ಪ್ರತ್ಯೇಕ ನಿಯಮವಿದೆ. ಪಿಂಛಿ, ಕಮಂಡಲುಗಳೊಡನೆ ವಿಹರಿಸುವ ದಿಗಂಬರ ಮುನಿಗಿಂತ ಹಗುರವಾದ ಯಾತ್ರಿಕನು ಯಾರಿದ್ದಾನೆ? ಅವನೂ ಕೂಡ ದೇಹದ ಮಲವನ್ನು ಬಿಡುವ ಮುನ್ನ ನೆಲವನ್ನು ನೋಡಿ, ಜೀವಿಗಳಿಲ್ಲದ ಎಡೆಯನ್ನು ಆರಿಸಿಕೊಳ್ಳಬೇಕು. ವಸ್ತುವು ಕೈಬಿಟ್ಟಿತೆಂದ ಮಾತ್ರಕ್ಕೆ ಅದರ ಹೊಣೆ ಕಳಚುವುದಿಲ್ಲವೆಂಬುದೇ ಇದರ ಆಶಯವೆಂದು ನಾನು ತಿಳಿದಿದ್ದೇನೆ. ನಾನು ಹೇಳಿದ ಎರಡನೆಯ ಪಾಠವೂ ಇದೇ. ಬೇರೊಬ್ಬರ ಹೆಗಲಿಗೋ ಹೊಳೆಯ ಮಡಿಲಿಗೋ ವರ್ಗಾಯಿಸಿದ ಭಾರವು ತ್ಯಾಗವೆನಿಸದು.

ಕ್ಷೇತ್ರಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಟ್ರಸ್ಟುಗಳಲ್ಲಿ ನನ್ನದೊಂದು ವಿನಂತಿ. ಯಾತ್ರಿಕರಿಗೆ ಕೋಣೆಯ ಕೀಲಿಯನ್ನು ಕೊಡುವಾಗ, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯಬೇಕೆಂದೂ ತಿಳಿಸೋಣ. ಸೋಸಿದ ನೀರನ್ನು ಅವರ ಪಾತ್ರೆಗಳಿಗೇ ತುಂಬಿಕೊಡುವ ಏರ್ಪಾಡು ಮಾಡೋಣ. ಬಾಟಲಿ ಕೊಳ್ಳುವ ಅಗತ್ಯವೇ ಬೀಳದಿರಲಿ. ಕುಟುಂಬದೊಡನೆ ಹೊರಡುವವರು ಮಕ್ಕಳ ಹೆಗಲಿಗೂ ಒಂದು ಚಿಕ್ಕ ಚೀಲ ಹಾಕಲಿ. ಒಯ್ದುದನ್ನು ಎಣಿಸಿ ಮರಳಿ ತರುವ ಅಭ್ಯಾಸವು ಆ ವಯಸ್ಸಿನಲ್ಲಿಯೇ ಬೇರೂರಬೇಕು.