ಎತ್ತಿಲ್ಲದ ವರ್ಷದ ಕಿಚ್ಚು

ಆ ವರ್ಷ ನಮ್ಮ ಕೊಟ್ಟಿಗೆಯಲ್ಲಿ ಎತ್ತಿರಲಿಲ್ಲ. 2003ರ ಸಂಕ್ರಾಂತಿಯ ಮಾತು ಇದು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕಾವೇರಿ ನೀರಿನ ಜಗಳ ನಮ್ಮ ಕಬಿನಿಗೂ ಬಂದು, ಅಣೆಕಟ್ಟೆಯ ಹತ್ತಿರ ಹೋರಾಟಕ್ಕೆ ಇಳಿದಿದ್ದ ರೈತರೊಬ್ಬರು ನೀರಿಗೆ ಹಾರಿ ಪ್ರಾಣ ಬಿಟ್ಟಿದ್ದರು. ಹುಲ್ಲಹಳ್ಳಿ ನಾಲೆಯ ಕೊನೆಗೆ ಗದ್ದೆ ಇದ್ದ ನಮಗೆ ನೀರು ಬರುವ ಹೊತ್ತಿಗೆ ಪೈರು ಅರ್ಧ ಒಣಗಿತ್ತು. ಭತ್ತ ಇಲ್ಲದ ಮೇಲೆ ಹುಲ್ಲು ಎಲ್ಲಿಂದ ಬರಬೇಕು? ದೀಪಾವಳಿ ಕಳೆದದ್ದೇ ಅಪ್ಪ ಜೋಡಿಯನ್ನು ಸಂತೆಗೆ ಹೊಡೆದುಕೊಂಡು ಹೋದರು, ಸಂಜೆ ಬರೀ ಹಗ್ಗ ಹಿಡಿದು ಬಂದರು.

ಮೈಸೂರಿನಲ್ಲಿದ್ದ ಅಕ್ಕನ ಮಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆರು ವರ್ಷದ ಹುಡುಗ. ದೇವರಾಜ ಮಾರುಕಟ್ಟೆಯಲ್ಲಿ ಹಟ ಮಾಡಿ ಕೊಂಬಿಗೆ ಬಳಿಯುವ ಬಣ್ಣ, ಬಲೂನು, ಕೊರಳಿಗೆ ಕಟ್ಟುವ ಗೆಜ್ಜೆಪಟ್ಟಿ ಎಲ್ಲ ಕೊಡಿಸಿಕೊಂಡು ಬಂದಿದ್ದ. ಬಸ್ಸಿಳಿದವನು ಅಜ್ಜಿಗೂ ನಿಲ್ಲದೆ ಕೊಟ್ಟಿಗೆಗೆ ಓಡಿದ. ಅಲ್ಲಿದ್ದದ್ದು ಒಂದೇ ಒಂದು ಸೀಮೆಹಸು. ತಿರುಗಿ ಬಂದವನ ಮುಖ ನೋಡಬೇಕಿತ್ತು. ಅಳಲಿಲ್ಲ. "ಕಿಚ್ಚು ಯಾರು ಹಾಯ್ತಾರೆ ಈಗ?" ಅಂತ ಅಷ್ಟೇ ಕೇಳಿದ. ಅಪ್ಪ ಟವೆಲ್ಲು ಕೊಡವಿಕೊಂಡು ಆಚೆ ಹೋದರು.

ಅಜ್ಜಿ ಉತ್ತರ ಕೊಡುವ ಗೋಜಿಗೆ ಹೋಗದೆ ಅವನ ಕೈಗೆ ಒಂದು ಅಡಕತ್ತರಿ ಕೊಟ್ಟಳು. "ಬಾ, ಕೊಬ್ಬರಿ ಹೆಚ್ಚು. ಕಡಲೆಬೇಳೆಗಿಂತ ದಪ್ಪ ಆದ್ರೆ ನಿನ್ನ ಬಾಯಿಗೇ ತುರುಕ್ತೀನಿ." ಎಳ್ಳು ಬೀರುವವರ ಮನೆಯಲ್ಲಿ ಹಬ್ಬದ ಹಿಂದಿನ ದಿನ ಮಕ್ಕಳಿಗೆ ಬಿಡುವೇ ಇರುವುದಿಲ್ಲ. ಕೊಬ್ಬರಿಯ ಕಂದು ಸಿಪ್ಪೆ ಹೆರೆಯಬೇಕು, ಅಚ್ಚುಬೆಲ್ಲ ಸಣ್ಣಗೆ ಹೆಚ್ಚಬೇಕು, ಹುರಿದ ಕಡಲೆಬೀಜದ ಹೊಟ್ಟು ಉಜ್ಜಿ ಊದಬೇಕು. ಊದುವ ಕೆಲಸ ಮನೆಯ ಮೂರು ವರ್ಷದ ಪುಟ್ಟಿಯದು. ಹೊಟ್ಟೆಲ್ಲ ಅವಳ ರೆಪ್ಪೆಯ ಮೇಲೇ ಕೂತಿತ್ತು.

ರಾತ್ರಿ ಸಕ್ಕರೆ ಅಚ್ಚು. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕುದಿಸಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಪುಟ್ಟ ಬಾಣಲೆಗೆ ಬಗ್ಗಿಸಿಕೊಂಡು ತಿರುವುತ್ತಾ ಹೋಗಬೇಕು. ಪಾಕ ಅಂಚಿನಲ್ಲಿ ಬೆಳ್ಳಗಾಗಲು ಶುರುವಾದ ಗಳಿಗೆಯಲ್ಲೇ ಅಚ್ಚಿಗೆ ಹುಯ್ಯಬೇಕು. ಒಂದು ಉಸಿರು ತಡವಾದರೆ ಬಾಣಲೆಯಲ್ಲೇ ಗಟ್ಟಿ. ನೀರಲ್ಲಿ ನೆನೆದ ಮರದ ಅಚ್ಚುಗಳನ್ನು ದಾರ ಸುತ್ತಿ ಬಿಗಿದು ನಿಲ್ಲಿಸುವುದು ಹುಡುಗನ ಪಾಲಿಗೆ ಬಂತು. ಗಿಣಿ, ಆನೆ, ತುಳಸಿಕಟ್ಟೆ, ಮಂಟಪ. ಮೂತಿ ಮುರಿದ ಗಿಣಿ ತಿರುಗಿ ಪಾಕಕ್ಕೆ ಹೋಗಬೇಕು ಅನ್ನುವುದು ಅಜ್ಜಿಯ ಕಾನೂನು. ಅದು ಹೋಗುತ್ತಿದ್ದದ್ದು ಮಾತ್ರ ಮಕ್ಕಳ ಚಡ್ಡಿ ಜೇಬಿಗೆ. ಅಜ್ಜಿಗೆ ಅದು ಕಾಣುತ್ತಿರಲಿಲ್ಲ, ಅಥವಾ ಹಾಗೆ ನಾವು ಅಂದುಕೊಂಡಿದ್ದೆವು.

ಮಾರನೆ ದಿನ ಎಣ್ಣೆನೀರು, ಪೊಂಗಲು, ಅವರೆಕಾಯಿ ಹುಳಿ. ಮಧ್ಯಾಹ್ನ ಕಳೆದ ಮೇಲೆ ಪುಟ್ಟಿಯನ್ನು ಹೊಸ ಲಂಗದಲ್ಲಿ ಮಣೆಯ ಮೇಲೆ ಕೂರಿಸಿ ಎಲಚಿಹಣ್ಣು ಎರೆದರು. ಎಲಚಿ, ಕಬ್ಬಿನ ತುಂಡು, ಎಳ್ಳು, ಚಿಲ್ಲರೆ ಕಾಸು, ಎಲ್ಲ ನೆತ್ತಿಯ ಮೇಲಿಂದ ಸುರಿದರೆ ದೃಷ್ಟಿ ಹೋಗುತ್ತದೆಂದು ನಂಬಿಕೆ. ಬೀದಿ ಮಕ್ಕಳು ಕಾಸಿಗೆ ಮುಗಿಬಿದ್ದರು. ಇವಳು ಆರತಿಗೂ ಕಾಯದೆ ಮಣೆ ಬಿಟ್ಟು ಅವರ ಜೊತೆ ಬಾಚುವುದಕ್ಕೆ ಇಳಿದಳು.

ಬಿಸಿಲು ಇಳಿದದ್ದೇ ಅಜ್ಜಿ ಹುಡುಗನನ್ನು ಕರೆದಳು. "ಎಲ್ಲೋ ನಿನ್ನ ಬಣ್ಣ? ಹಸೂಗೆ ಬಳಿ."

ಅಪ್ಪ ಬೆಚ್ಚಿದರು. ನಮ್ಮ ಕಡೆ ಕಿಚ್ಚು ಹಾಯಿಸುವುದೆಂದರೆ ಜೋಡೆತ್ತಿನ ಮೆರವಣಿಗೆ. ಬೀದಿಗೆ ಅಡ್ಡವಾಗಿ ಹುಲ್ಲು ಹರಡಿ ಬೆಂಕಿ ಇಟ್ಟರೆ ಹಳ್ಳಿಕಾರ್ ಹೋರಿಗಳು ಉರಿ ಮೇಲೇಳುತ್ತಿದ್ದ ಹಾಗೇ ನೆಗೆದು ದಾಟಬೇಕು. ಮೈಮೇಲಿನ ಉಣ್ಣೆ ಉದುರುತ್ತದೆ, ಪೀಡೆ ಕಳೆಯುತ್ತದೆ ಅನ್ನುತ್ತಾರೆ. ಅಂಥಲ್ಲಿಗೆ ಕೊಂಬು ಸುಟ್ಟ, ಕಪ್ಪು ಬಿಳಿ ಮಚ್ಚೆಯ ಸೀಮೆಹಸು! "ಊರು ನಗುತ್ತೆ ಅವ್ವಾ" ಎಂದರು.

"ನಗಲಿ" ಎಂದಳು ಅಜ್ಜಿ. "ದೀಪಾವಳಿಯಿಂದ ಈಚೆಗೆ ಈ ಮನೇಲಿ ಒಲೆ ಉರಿದಿದ್ದು ಯಾರಿಂದ? ಡೈರಿ ದುಡ್ಡು ಬರ್ದೆ ಇದ್ದಿದ್ರೆ ಇವತ್ತು ಎಳ್ಳು ತರೋಕೂ ಆಗ್ತಿರಲಿಲ್ಲ. ಎತ್ತು ದುಡೀತಿದ್ವು, ಎತ್ತಿಗೆ ಮಾಡ್ತಿದ್ವಿ. ಈ ವರ್ಷ ದುಡಿದೋಳು ಇವಳು."

ಅಪ್ಪ ಮರುಮಾತಾಡಲಿಲ್ಲ. ತಾವೇ ಹಸುವನ್ನು ಹಿಡಿದು ಮೈ ತೊಳೆದು ಅರಿಶಿನ ಹಚ್ಚಿದರು. ಕೊಂಬಿದ್ದ ಜಾಗದ ಎರಡು ಮೊಂಡಿಗೆ ಹುಡುಗ ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಬಳಿದ. ಗೆಜ್ಜೆಪಟ್ಟಿ ಅದರ ಕೊರಳಿಗೆ ಸಾಲದೆ ಹಗ್ಗ ಸೇರಿಸಿ ಕಟ್ಟಿದ್ದಾಯಿತು.

ಊರವರು ನಕ್ಕದ್ದು ನಿಜ. ಹಸು ಉರಿ ಕಂಡದ್ದೇ ನಾಲ್ಕು ಕಾಲೂ ಊರಿ ನಿಂತುಬಿಟ್ಟಿತು. ಹಿಂದೆ ಎತ್ತಿನವರು ಕೂಗಾಡಿದರು, ಯಾರೋ ಬಾಲ ಹಿಂಡಲು ಬಂದರು. ಅಜ್ಜಿ ಕೈ ಅಡ್ಡ ಹಿಡಿದಳು. "ಯಾರೂ ಮುಟ್ಟಬೇಡಿ. ಅವಳು ನೆಗೆಯೋ ಜಾತಿ ಅಲ್ಲ." ಮುಂದೆ ಹಾಯುವ ಎತ್ತುಗಳಿಗೆ ದಾರಿ ಬಿಟ್ಟು ಬದಿಗೆ ನಿಂತೆವು. ಕೊನೆಯ ಜೋಡಿಯೂ ಹಾದು, ಹುಲ್ಲು ಉರಿದು ಬೂದಿಯಾಗಿ, ಹೊಗೆ ಮಾತ್ರ ಉಳಿದಾಗ ಅಜ್ಜಿ ಆಚೆ ಬದಿಗೆ ಹೋಗಿ ಹಿಡಿ ಬೂಸಾ ತೋರಿಸಿ ಕರೆದಳು. ಹಸು ಮೂಸುತ್ತಾ, ಆತುರವಿಲ್ಲದೆ ಬೆಚ್ಚನೆಯ ಬೂದಿ ದಾಟಿತು. ಹಿಂದೆ ಹುಡುಗ, ಅವನ ಹಿಂದೆ ಸೆರಗು ಬಿಗಿದ ಅಕ್ಕ. ಆ ಹೊತ್ತಿಗೆ ನಗು ನಿಂತಿತ್ತು. ಎದುರುಮನೆಯವರು, ಅವರ ಕೊಟ್ಟಿಗೆಯಲ್ಲೂ ಎತ್ತಿರಲಿಲ್ಲ, ಒಳಗೆ ಹೋಗಿ ತಮ್ಮ ಹಸುವನ್ನು ಬಿಚ್ಚಿಕೊಂಡು ಬಂದರು.

ನಮ್ಮ ಮನೆಗೆ ಎತ್ತು ಮತ್ತೆ ಬರಲಿಲ್ಲ. ಮಳೆ ಚೆನ್ನಾಗಿ ಆದ ಮೇಲೆ ಮುಡುಕುತೊರೆ ಜಾತ್ರೆಯಲ್ಲಿ ಒಂದು ಜೋಡಿ ತರುವ ಮಾತು ನಡೆದು ನಡೆದು, ಕೊನೆಗೆ ಬಂದದ್ದು ಟಿಲ್ಲರ್. ಅದು ಬಂದ ಮೇಲಿನ ಸಂಕ್ರಾಂತಿಗೆ ಹುಡುಗ ಬಣ್ಣದ ಡಬ್ಬಿ ಹಿಡಿದುಕೊಂಡು ಅಜ್ಜಿಯ ಮುಂದೆ ನಿಂತ. ಉಳುವುದು ಈಗ ಟಿಲ್ಲರ್ ತಾನೇ, ಅದನ್ನೂ ಕಿಚ್ಚು ಹಾಯಿಸೋಣವಾ ಅಂತ.

ಅಜ್ಜಿ ಎಳ್ಳು ಬೆರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ಅದಕ್ಕೆ ಆಯುಧಪೂಜೇಲಿ ಕುಂಬಳಕಾಯಿ ಒಡೆದಾಯ್ತಲ್ಲ. ಇದು ಹುಲ್ಲು ತಿನ್ನೋರ ಹಬ್ಬ. ಹೋಗು, ಹಸು ತೊಳಿ."