ಹರಡಿದ್ದಲ್ಲ, ಎರಡೂ ಬೇರೆ ಬೇರೆ

ಬಾಯಲ್ಲಿ ಎರಡು ಕಡೆ ಕ್ಯಾನ್ಸರ್ ಅಂದ ತಕ್ಷಣ ಮನೆಯವರು ಹೇಳೋ ಮೊದಲ ಮಾತು 'ಹರಡಿಬಿಟ್ಟಿದೆ'. ಬಂಡೂರಿನ ನಮ್ಮ ದೊಡ್ಡಪ್ಪನ ವಿಷಯದಲ್ಲೂ ಹಾಗೇ ಆಯ್ತು. ಕೆನ್ನೆಯ ಒಳಗೆ ತಿಂಗಳಾದರೂ ಮಾಯದ ಹುಣ್ಣು, ಅಂಗುಳಿನಲ್ಲಿ ನೋವೇ ಇಲ್ಲದ ಸಣ್ಣ ಗಂಟು. ನಲವತ್ತು ವರ್ಷ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕಿದವರು. "ಎಲ್ಲಾ ಕಡೆ ಹರಡ್ಬುಟೈತೆ ಮಗ, ಕುರಿ ಮಾರಿ ಸುಮ್ನೆ ಕಾಸು ಸುರೀಬ್ಯಾಡಿ" ಅಂದರು. ನಮ್ಮೂರಲ್ಲಿ ಕುರಿ ಅಂದರೆ ಕಷ್ಟಕಾಲಕ್ಕೆ ಕೂಡಿಟ್ಟ ದುಡ್ಡು.

ಬೆಂಗಳೂರಿನ ಡಾಕ್ಟರು ಎರಡೂ ಜಾಗದಿಂದ ಬೇರೆ ಬೇರೆಯಾಗಿ ಬಯಾಪ್ಸಿ ಮಾಡಿಸಿದರು. ಕೆನ್ನೆಯದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಬಾಯಿಯ ಒಳಪದರದಲ್ಲಿ ಹುಟ್ಟುವಂಥದ್ದು. ಅಂಗುಳಿನದು ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮ, ಜೊಲ್ಲು ಸುರಿಸುವ ಸಣ್ಣ ಗ್ರಂಥಿಯಲ್ಲಿ ಹುಟ್ಟಿದ್ದು. ಒಂದು ಇನ್ನೊಂದರಿಂದ ಬಂದದ್ದಲ್ಲ.

ಹೀಗಾಗೋದು ಅಪರೂಪ, ಆದರೆ ವೈದ್ಯರಿಗೆ ಹೊಸದಲ್ಲ. 1932ರಲ್ಲೇ ವಾರೆನ್ ಮತ್ತು ಗೇಟ್ಸ್ ಇದಕ್ಕೆ ಮೂರು ಷರತ್ತು ಹಾಕಿದ್ದರು: ಎರಡೂ ಖಚಿತವಾಗಿ ಕ್ಯಾನ್ಸರ್ ಆಗಿರಬೇಕು, ಎರಡೂ ಪ್ರತ್ಯೇಕವಾಗಿರಬೇಕು, ಒಂದು ಇನ್ನೊಂದರಿಂದ ಹರಡಿದ್ದಾಗಿರಬಾರದು. ಆರು ತಿಂಗಳೊಳಗೆ ಎರಡೂ ಪತ್ತೆಯಾದರೆ 'ಸಿಂಕ್ರೊನಸ್' ಅಂತಾರೆ.

ಹೆಸರಿನ ಈ ವ್ಯತ್ಯಾಸದ ಮೇಲೆ ಚಿಕಿತ್ಸೆಯೇ ನಿಂತಿದೆ. ಹರಡಿದೆ ಅಂದರೆ ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆ ಅಂತ ಅರ್ಥ. ಎರಡೂ ಬೇರೆ ಅಂದರೆ ಒಂದೊಂದರ ಹಂತವನ್ನೂ ಬೇರೆಯಾಗಿ ಲೆಕ್ಕ ಹಾಕ್ತಾರೆ. ದೊಡ್ಡಪ್ಪನವು ಎರಡೂ ಇನ್ನೂ ಚಿಕ್ಕವಿದ್ದವು. ಅವರಿಗೆ ಹೇಳಿದೆ: "ಒಂದೇ ಗದ್ದೇಲಿ ಎರಡು ಥರದ ಕಳೆ ದೊಡ್ಡಪ್ಪ. ಬೇರು ಬೇರೆ ಬೇರೆ. ಎರಡನ್ನೂ ಕೀಳಬಹುದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಕೀಳ್ಸಿ" ಅಂದರು.

ಒಂದೇ ಆಪರೇಷನ್‌ನಲ್ಲಿ ಎರಡನ್ನೂ ತೆಗೆದರು, ಆಮೇಲೆ ರೇಡಿಯೇಷನ್ ಆಯ್ತು. ಈಗ ಬಾಯಿ ಪೂರ್ತಿ ತೆರೆಯೋಕಾಗಲ್ಲ. ಮುದ್ದೆ ಉಣ್ಣುತ್ತಿದ್ದವರು ಗಂಜಿ ಕುಡೀತಾರೆ. ಆದರೂ ಬೆಳಿಗ್ಗೆ ಕುರಿ ಹೊಡ್ಕೊಂಡು ಹೋಗ್ತಾರೆ.

ಕೆನ್ನೆಯ ಕ್ಯಾನ್ಸರ್‌ಗೂ ಕಡ್ಡಿಪುಡಿಗೂ ಇರುವ ನಂಟು ಸ್ಪಷ್ಟ. ಗ್ರಂಥಿಯ ಕ್ಯಾನ್ಸರ್‌ಗೆ ಅಷ್ಟು ಸ್ಪಷ್ಟ ಕಾರಣ ಸಿಕ್ಕಿಲ್ಲ. 'ತಂಬಾಕು ಹಾಕಲ್ಲ, ಬರೀ ಅಡಿಕೆ' ಅನ್ನೋರಿಗೂ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಅಂದಿದೆ. ಇನ್ನು ಖರ್ಚಿನ ಭಯ ಇದ್ದರೆ, ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ.

ಈ ಸಲ ಊರಿಗೆ ಹೋದಾಗ ಮೊಬೈಲ್ ಟಾರ್ಚ್ ಹಾಕಿ ಮನೆಯ ಹಿರಿಯರ ಬಾಯಿ ನೋಡಿ. ಮೂರು ವಾರಕ್ಕೂ ಮಾಯದ ಹುಣ್ಣೋ ಗಂಟೋ ಕಂಡರೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಒಂದು ಕಂಡಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಕೆನ್ನೆ, ನಾಲಿಗೆಯ ಅಡಿ, ಅಂಗುಳು ಎಲ್ಲಾ ನೋಡಿ.